ಬಾಯಮ್ಮ ಹಾಕದೆ ಉಳಿಸಿದ ಸಹಿ

ಮಳೆಗಾಲ ಮುಗಿಯಿತಲ್ಲ, ಮನೆಗೆ ಒಮ್ಮೆ ಬಣ್ಣ ಹೊಡೆಸಿಬಿಡುವ ಎಂದು ಅಟ್ಟದ ಸಾಮಾನು ಇಳಿಸುತ್ತಿದ್ದಾಗ ಆ ತಗಡು ಸಿಕ್ಕಿತು. ಅಂಗೈ ಅಗಲದ ಎರಡು ಪಟ್ಟು, ಅಷ್ಟೇ. ಮೇಲಿನ ಎರಡು ತೂತುಗಳಿಗೆ ಪೋಣಿಸಿದ ತಂತಿ ತುಕ್ಕು ಹಿಡಿದಿತ್ತು. ತಂತಿಯ ಒಂದು ಬದಿಗೆ ಬಾಳೆನಾರಿನ ಚೂರುಗಳು ಸುತ್ತಿಕೊಂಡಿದ್ದವು, ಒಣಗಿ, ಕಂದಾಗಿ, ಒಂದರ ಮೇಲೆ ಒಂದು. ಉಗುರಿನಿಂದ ಕೆರೆದೆ. ಪುಡಿಯಾಗಿ ಬಿತ್ತು. ಮೂಗಿನ ಹತ್ತಿರ ಹಿಡಿದರೆ ಧೂಳಿನ ವಾಸನೆ ಮಾತ್ರ. ಆದರೂ ನನಗೆ ಶಂಕರಪುರದ ಮಲ್ಲಿಗೆಯ ವಾಸನೆಯೇ ಬಂದ ಹಾಗಾಯಿತು. ವಯಸ್ಸಾದವರ ಮೂಗನ್ನು ನಂಬಬಾರದು.

ತಗಡಿನ ಮೇಲೆ ಕೆಂಪು ಅಕ್ಷರ: ‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ಅಕ್ಷರ ನನ್ನದೇ. ಬಣ್ಣ ನಮ್ಮ ನೌಕರರ ಸಂಘದ್ದು, ಬ್ಯಾನರ್ ಬರೆದು ಉಳಿದದ್ದು. ಆ ಬ್ಯಾನರಿನಲ್ಲಿ ನಾನು ಬರೆದದ್ದು ‘ವರ್ಣಭೇದಕ್ಕೆ ಧಿಕ್ಕಾರ’ ಎಂದು. ಒಂದೇ ಡಬ್ಬಿ, ಒಂದೇ ಕುಂಚ, ಒಂದೇ ಭಾನುವಾರ. ಆಗ ಅದು ನನಗೆ ವಿಚಿತ್ರವಾಗಿ ಕಾಣಲೇ ಇಲ್ಲ. ಕಾಣಿಸಿದವರು ಹೂವಿನ ಬಾಯಮ್ಮ.

ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅವರ ಹೆಸರು ಏನೆಂದು ನಾನು ಕೇಳಿದ್ದಿಲ್ಲ. ಹದಿನಾಲ್ಕು ವರ್ಷ ನಮ್ಮ ಪರ್ಕಳದ ಮನೆಗೆ ಹೂ ತಂದವರ ಹೆಸರು ಗೊತ್ತಿಲ್ಲ ಎಂದರೆ ಈಗ ನಾಚಿಕೆಯಾಗುತ್ತದೆ. ಮನೆಯಲ್ಲಿ ಅಮ್ಮ ಮತ್ತು ನಾನು ‘ಅವಳು ಬಂದಳಾ?’ ಎಂದೇ ಮಾತಾಡುತ್ತಿದ್ದೆವು. ಈಗ ಬರೆಯುವಾಗ ‘ಅವರು’ ಎಂದು ತಾನಾಗಿ ಬರುತ್ತಿದೆ. ಸತ್ತ ಮೇಲೆ ಮರ್ಯಾದೆ ಕೊಡುವುದರಲ್ಲಿ ನಾವು ಎತ್ತಿದ ಕೈ.

ಶಂಕರಪುರದಲ್ಲಿ ಅವರದು ಸಣ್ಣ ಹಿತ್ತಿಲು, ಹಿತ್ತಿಲ ತುಂಬ ಮಲ್ಲಿಗೆ ಗಿಡ. ಸೂರ್ಯ ಏಳುವ ಮೊದಲು ಮೊಗ್ಗು ಕೊಯ್ದು, ನೆರೆಯ ಹೆಂಗಸರ ಜೊತೆ ಕೂತು ಬಾಳೆನಾರಿನಲ್ಲಿ ಕಟ್ಟಿ, ಹೆಚ್ಚಿನದನ್ನು ಅಲ್ಲಿಯ ಹೂವಿನ ವ್ಯಾಪಾರದ ಕಟ್ಟೆಗೆ ಹಾಕುತ್ತಿದ್ದರು. ಉಳಿದ ಕೆಲವು ಚೆಂಡುಗಳನ್ನು ಬಾಳೆ ಎಲೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾರ್ಕಳದ ಬಸ್ಸು ಹತ್ತಿ ಮಣಿಪಾಲ, ಪರ್ಕಳದ ಮನೆಗಳಿಗೆ ಬರುತ್ತಿದ್ದರು. ಕೈಗೆ ಕೈ ತಾಗದ ಹಾಗೆ ಹೂವಿನ ಕಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುವುದು ರೂಢಿ. ಬೋರ್ಡು ಬಂದ ಮೇಲೆ ಅದರ ತಂತಿಗೆ ಸಿಕ್ಕಿಸಲು ಶುರು ಮಾಡಿದರು.

ಅಮ್ಮ ಆ ಹೂವನ್ನು ನೀರು ಸಹ ಚಿಮುಕಿಸದೆ ನೇರ ದೇವರ ಕೋಣೆಗೆ ಒಯ್ಯುತ್ತಿದ್ದರು. ‘ಹೂವಿಗೆ ಮೈಲಿಗೆ ಇಲ್ಲ’ ಎನ್ನುತ್ತಿದ್ದರು. ಹೂ ಕಟ್ಟಿದವರಿಗೆ ಮಾತ್ರ ಜಗಲಿಯ ಮೆಟ್ಟಿಲಿನ ತನಕ. ಬಾಯಾರಿಕೆಯಾದರೆ ನೀರು ಉಂಟು, ಧಾರಾಳ ಉಂಟು. ಅದಕ್ಕೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಗೂಡಿನಲ್ಲಿ ಒಂದು ಸ್ಟೀಲಿನ ಲೋಟ ಇತ್ತು. ಅಮ್ಮ ಕೆಟ್ಟವರಲ್ಲ. ಬಾಯಮ್ಮನಿಗೆ ಜ್ವರ ಬಂದಾಗ ಕಷಾಯದ ಪುಡಿ ಕಟ್ಟಿ ಕಳಿಸಿದವರು. ಆದರೆ ಆ ಲೋಟ ಒಳಗೆ ಬರುತ್ತಿರಲಿಲ್ಲ. ನಾನು ಸಭೆಗಳಲ್ಲಿ ಸಮಾನತೆಯ ಬಗ್ಗೆ ಒಂದು ಗಂಟೆ ಮಾತಾಡಬಲ್ಲವನಾಗಿದ್ದೆ. ಆ ಲೋಟವನ್ನು ನಾನು ನೋಡಿಯೇ ಇರಲಿಲ್ಲ ಎಂದರೆ ನಂಬುತ್ತೀರಾ? ದಿನಾ ಕಂಡದ್ದು ಕಣ್ಣಿಗೆ ಬೀಳುವುದಿಲ್ಲ.

ನಾನು ಉಡುಪಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಲಿಲ್ಲ, ಸಂಘವನ್ನೇ ಕಟ್ಟಿಕೊಂಡೆ. ದಕ್ಷಿಣ ಆಫ್ರಿಕಾದ ಕರಿಯರ ಪರವಾಗಿ ನಾವು ಮೆರವಣಿಗೆ ಮಾಡಿದ್ದೆವು, ಅಲ್ಲಿ ವರ್ಣಭೇದ ಮುಗಿದ ದಿನ ಮಿಠಾಯಿ ಹಂಚಿದ್ದೆವು. ನಮ್ಮ ಹತ್ತು ಜನರ ಕೂಗಿನಿಂದಲೇ ಅದು ಬಿತ್ತು ಎಂಬ ಹೆಮ್ಮೆ ಬೇರೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಪ್ಯಾಲೆಸ್ತೀನಿನ ಸುದ್ದಿ ದಿನಾ ಪೇಪರಿನಲ್ಲಿ ಬರತೊಡಗಿದಾಗ ಮತ್ತೆ ಕೈ ತುರಿಸಿತು; ಆ ಬ್ಯಾನರ್ ಬರೆದದ್ದು ಆಗಲೇ, ಮೇಲಿನ ಕೋಣೆ ಖಾಲಿಯಾಗಿದ್ದರಿಂದ ಆ ಬೋರ್ಡನ್ನೂ. ಒಂದು ಮನವಿಪತ್ರ ಬರೆಯುವುದು, ಸಹಿ ಸಂಗ್ರಹಿಸಿ ದೆಹಲಿಗೆ ಕಳಿಸುವುದು ಎಂದು ತೀರ್ಮಾನವಾಯಿತು.

ಮನವಿಯ ಒಂದು ಶಬ್ದಕ್ಕಾಗಿ ಎರಡು ಸಭೆ ಹೋಯಿತು. ಅಲ್ಲಿ ನಡೆಯುವುದನ್ನು ‘ವರ್ಣಭೇದ’ ಎನ್ನಬಹುದೋ ಬಾರದೋ ಎಂದು. ನಿವೃತ್ತ ಬ್ಯಾಂಕಿನವರೊಬ್ಬರು, ಅಲ್ಲಿ ಬಸ್ಸಿನಲ್ಲಿ ಬಾಂಬು ಹಾಕುವವರೂ ಇದ್ದಾರೆ, ಸತ್ತವರ ತಾಯಂದಿರೂ ಅಳುತ್ತಾರೆ, ತಪಾಸಣೆ ಮಾಡುವುದನ್ನು ವರ್ಣಭೇದ ಎಂದರೆ ಆದೀತೇ ಎಂದು ಕೇಳಿದರು. ಆ ಸಾವುಗಳನ್ನು ನಾನೂ ಅಲ್ಲಗಳೆಯಲಿಲ್ಲ. ಆದರೆ ಒಂದೇ ನೆಲದಲ್ಲಿ ಇಬ್ಬರಿಗೆ ಎರಡು ಕಾನೂನು, ಎರಡು ರಸ್ತೆ, ಎರಡು ಬಣ್ಣದ ಗುರುತಿನ ಚೀಟಿ ಎಂದು ಮಾನವ ಹಕ್ಕಿನವರು ಆರೋಪಿಸುತ್ತಿರುವುದಕ್ಕೆ ಬೇರೆ ಹೆಸರು ಏನು ಎಂದು ಮೇಜು ಕುಟ್ಟಿದೆ. ಶಬ್ದ ಉಳಿಯಿತು. ಆ ದಿನ ಯುದ್ಧ ಗೆದ್ದವನ ಹಾಗೆ ಮನೆಗೆ ಬಂದು, ಗೇಟು ತೆಗೆದೆ. ತಗಡು ಟಣ್ ಎಂದಿತು.

ಮುಂದಿನ ಸಭೆಗೆ ಮಣಿಪಾಲದಲ್ಲಿ ಫಾರ್ಮಸಿ ಓದುತ್ತಿದ್ದ ಪ್ಯಾಲೆಸ್ತೀನಿನ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆವು. ಇಪ್ಪತ್ತೈದರ ಆಸುಪಾಸಿನವನು, ತೆಳ್ಳಗೆ, ಮಾತು ಕಡಿಮೆ. ತನ್ನ ಹಳ್ಳಿ ಬೆತ್ಲೆಹೇಮಿನ ಹತ್ತಿರ ಎಂದ. ಅಜ್ಜನ ದ್ರಾಕ್ಷಿ ತೋಟ ಮನೆಯಿಂದ ಕೂಗಳತೆಯಲ್ಲಿ ಇದ್ದರೂ ನಡುವಿನ ರಸ್ತೆ ತಮ್ಮದಲ್ಲ, ದಾಟಲು ಪಾಸು ಬೇಕು. ಕೊಯ್ದ ದ್ರಾಕ್ಷಿ ಲಾರಿಯಲ್ಲಿ ತಪಾಸಣೆಯ ಕಡೆ ನಿಂತು ನಿಂತು ಕೊಳೆಯುತ್ತದೆ. ಅಪ್ಪನಿಗೆ ಮೂತ್ರಪಿಂಡದ ಕಾಯಿಲೆ, ಜೆರುಸಲೇಮಿನ ಆಸ್ಪತ್ರೆಗೆ ಹೋಗಲು ಪ್ರತಿ ಸಲ ಬೇರೆ ಪಾಸು... ಇಷ್ಟನ್ನು ಅವನು ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಹೇಳಿದ. ನಾವು ಏಳು ಜನ ಕೇಳಿದೆವು. ಎಂಟನೆಯವರು ಬಾಗಿಲ ಬಳಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಬಾಯಮ್ಮ. ಬೆಳಿಗ್ಗೆ ಗೇಟಿನಲ್ಲಿ ನಾನು ಬೆತ್ಲೆಹೇಮಿನ ಹೆಸರು ಹೇಳಿದ್ದೇ ತಪ್ಪಾಗಿತ್ತು.

ಅವನು ಹೇಳಿದ್ದನ್ನು ನಾನು ಅವರಿಗೆ ಕನ್ನಡದಲ್ಲಿ ಹೇಳಿದೆ. ನಮ್ಮ ದಿನದ ಮಾತು ತುಳುವಿನಲ್ಲಿ. ಆದರೆ ಸಭೆ, ಕಾಗದ, ಸರಕಾರ ಎಂದರೆ ಬಾಯಮ್ಮ ಕನ್ನಡಕ್ಕೆ ತಿರುಗುತ್ತಿದ್ದರು. ರಸ್ತೆ, ಕಾನೂನು ಎಲ್ಲ ಸುಮ್ಮನೆ ಕೇಳಿದರು. ಕೊಳೆತ ದ್ರಾಕ್ಷಿಯ ಮಾತು ಬಂದಾಗ ನನ್ನನ್ನು ತಡೆದರು.

“ಎಷ್ಟು ಹೊತ್ತು ನಿಲ್ಲಿಸುತ್ತಾರಂತೆ?”

“ಒಮ್ಮೊಮ್ಮೆ ಇಡೀ ದಿನ.”

“ಅಯ್ಯೋ ದೇವಾ. ನಮ್ಮ ಹೂ ಎರಡು ಗಂಟೆ ತಡವಾದರೆ ಮುಗಿಯಿತು ಮಾರಾಯ್ರೆ. ಆ ಕಾಗದ ನನಗೆ ಕೊಡಿ. ನಮ್ಮಲ್ಲಿ ಹೂ ಕಟ್ಟುವವರು ಎಲ್ಲ ಸಹಿ ಹಾಕುತ್ತಾರೆ.”

ನಾನು ಎರಡು ಸಭೆಯಲ್ಲಿ ಕುಟ್ಟಿ ಕುಟ್ಟಿ ಹೇಳಿದ್ದನ್ನು ಅವರು ಎರಡು ಗಂಟೆಯ ಲೆಕ್ಕದಲ್ಲಿ ಮುಗಿಸಿದರು. ಬುಟ್ಟಿಯ ತಳದಲ್ಲಿ ಉಳಿದಿದ್ದ ಒಂದು ತುಂಡು ಮಲ್ಲಿಗೆಯನ್ನು ಆ ಹುಡುಗನ ಕೈಗೆ ಕೊಟ್ಟರು. ಅವನು ಅದನ್ನು ಏನು ಮಾಡಬೇಕೆಂದು ತಿಳಿಯದೆ ಅಂಗಿಯ ಕಿಸೆಗೆ ಹಾಕಿಕೊಂಡ.

ಆಮೇಲೆ ಗೊತ್ತಾಯಿತು, ಬಾಯಮ್ಮ ಶಂಕರಪುರದಲ್ಲಿ ‘ನಮ್ಮ ಯೇಸು ಸ್ವಾಮಿಯ ಊರಿನ ಹುಡುಗ, ನಮ್ಮವನೇ’ ಎಂದು ಹೇಳಿ ಸಹಿ ಹಾಕಿಸುತ್ತಿದ್ದಾರೆ ಎಂದು. ಕ್ರಿಸ್ಮಸ್ಸಿಗೆ ಮನೆಮನೆಯಲ್ಲಿ ಗೋದಲಿ ಕಟ್ಟಿ ಬಾಲಯೇಸುವನ್ನು ಮಲಗಿಸುವವರಿಗೆ ಬೆತ್ಲೆಹೇಮ್ ಎಂದರೆ ಪಕ್ಕದ ಊರು. ಆ ಊರಿನವನು ಮತ್ತೆ ಯಾರಾಗಿರಲು ಸಾಧ್ಯ? ಹುಡುಗ ಮುಸಲ್ಮಾನ ಎಂದು ನಾನು ತಡವರಿಸುತ್ತ ಹೇಳಿದೆ. ಈಗ ಕಾಗದ ವಾಪಸು ಬರುತ್ತದೆ ಎಂದುಕೊಂಡೆ. ಬಾಯಮ್ಮ ಬುಟ್ಟಿಯನ್ನು ಕೆಳಗೆ ಇಟ್ಟರು.

“ಊರು ಅದೇ ಅಲ್ವಾ?” ಎಂದರು.

“ಊರು ಅದೇ.”

“ಹಾಗಾದರೆ ಆಯಿತು. ಆದರೆ ನಾನು ಸುಳ್ಳು ಹೇಳಿದ ಹಾಗಾಯಿತಲ್ಲ? ಇನ್ನೊಮ್ಮೆ ಎಲ್ಲರ ಮನೆಗೆ ಹೋಗಿ ಸರಿ ಮಾಡಿ ಹೇಳಿ ಬರುತ್ತೇನೆ.”

ಹೋದರು. ಇಬ್ಬರು ಹೆಸರು ಹೊಡೆದುಹಾಕಿದರು. ನಾಲ್ಕು ಜನ ಹೊಸಬರು ಸೇರಿದರು.

ಅದೇ ವಾರ ಆ ಹುಡುಗ ನನ್ನ ಕಚೇರಿಗೆ ಬಂದ. ಅವನಿದ್ದ ಕೋಣೆಯ ಮಾಲೀಕರಿಗೆ ಯಾರೋ ಪೇಪರಿನ ಸುದ್ದಿ ಓದಿ ಹೇಳಿ ಹೆದರಿಸಿದ್ದರು. ಅರಬರ ಹುಡುಗ, ನಾಳೆ ಪೊಲೀಸರು ಬಂದರೆ ಏನು ಗತಿ ಎಂದು. ತಿಂಗಳೊಳಗೆ ಬಿಡಬೇಕಿತ್ತು. ಪರ್ಕಳದಲ್ಲಿ ಐದಾರು ಕಡೆ ಕೇಳಿದನಂತೆ, ಹೆಸರು ಕೇಳಿದ ಮೇಲೆ ಕೋಣೆ ಖಾಲಿ ಇಲ್ಲ ಎಂದರಂತೆ. ನಿಮ್ಮ ಮನೆಯ ಮೇಲಿನ ಕೋಣೆ ಖಾಲಿ ಉಂಟಂತೆ, ನಾನು ಒಳಗೆ ಅಡುಗೆ ಮಾಡುವುದಿಲ್ಲ, ಹೋಟೆಲಿನಲ್ಲಿ ತಿನ್ನುತ್ತೇನೆ ಎಂದ. ನಾನು ಹೇಳುವ ಮೊದಲೇ ಅವನು ಷರತ್ತನ್ನು ಒಪ್ಪಿಕೊಂಡು ಬಂದಿದ್ದ.

ಹೇಳಬೇಕಾದದ್ದು ‘ಬಾ’ ಎಂಬ ಒಂದೇ ಶಬ್ದವಾಗಿತ್ತು. ನನ್ನ ಬಾಯಿಂದ ಬಂದದ್ದು, ಮೇಲೆ ರಿಪೇರಿ ಉಂಟು ಎಂದು. ಸೋರುತ್ತದೆ, ಮೂರು ತಿಂಗಳಾದರೂ ಬೇಕು ಎಂದು ಬೇರೆ ಸೇರಿಸಿದೆ. ಅವನು ತಲೆಯಾಡಿಸಿದ. ಅವನಿಗೆ ಅಭ್ಯಾಸವಿತ್ತು, ಕೌಂಟರಿನ ಈಚೆ ನಿಂತು ಕಾರಣ ಕೇಳಿಸಿಕೊಂಡು ತಿರುಗಿ ಹೋಗುವುದು. ನಾನು ಆಚೆ ಕೂತವನು ಎಂಬುದು ಮಾತ್ರ ಅವನಿಗೆ ಹೊಸದಾಗಿರಬೇಕು.

ಎರಡು ದಿನ ಬಿಟ್ಟು ಬಾಯಮ್ಮ ಸಹಿಯ ಕಾಗದ ತಂದರು, ಬಾಳೆ ಎಲೆಯಲ್ಲಿ ಸುತ್ತಿ, ಹೂವಿನ ಹಾಗೆಯೇ. ಮೂವತ್ತು ಸಹಿ. ಕೆಲವು ಕನ್ನಡ, ಕೆಲವು ಇಂಗ್ಲಿಷ್, ಕೆಲವು ಹೆಬ್ಬೆಟ್ಟು. ಮೂಲೆಯಲ್ಲಿ ಹೂವಿನ ಹಸಿ ಕಲೆ. ನಾನು ಓದುತ್ತ ಹೋದೆ.

“ನಿಮ್ಮದು ಎಲ್ಲಿ ಬಾಯಮ್ಮ?”

ಅವರು ಗಾಳಿಗೆ ಮಗುಚಿದ್ದ ತಗಡನ್ನು ಬೆರಳಿನಿಂದ ನನ್ನ ಕಡೆ ತಿರುಗಿಸಿದರು.

“ಇದು ಎಂತ ಹೇಳಿ?”

“ಬಾಡಿಗೆಯ ಬೋರ್ಡು.”

“ಅದು ಗೊತ್ತುಂಟು. ನಾನು ಏಳನೆಯವರೆಗೆ ಓದಿದವಳು. ದಿನಾ ಹೂ ಸಿಕ್ಕಿಸುವಾಗ ಓದುತ್ತೇನೆ. ಆ ಹುಡುಗ ನಿನ್ನೆ ಮಣಿಪಾಲದಲ್ಲಿ ಸಿಕ್ಕಿ ಅರ್ಧಂಬರ್ಧ ಕನ್ನಡದಲ್ಲಿ ಹೇಳಿದ, ಅವನಿಗೆ ಮೇಲೆ ರಿಪೇರಿ ಉಂಟು ಹೇಳಿದಿರಂತೆ. ರಿಪೇರಿ ಎಲ್ಲಿ? ಒಂದು ಹಿಡಿ ಹೊಯಿಗೆ, ಸಿಮೆಂಟು ಬಿದ್ದದ್ದು ಸಹ ಕಾಣುವುದಿಲ್ಲ.”

ಒಳಗೆ ಅಮ್ಮ ಗಂಧ ತೇಯುವ ಸದ್ದು ನಿಂತಿತು. ನಾನು ದನಿ ತಗ್ಗಿಸಿದೆ. ಅಮ್ಮನಿಗೆ ವಯಸ್ಸಾಯಿತು, ಮಡಿ ಮೈಲಿಗೆ ಎಂದು ಬೆಳೆದವರು, ಇದು ಊಟದ ವಿಷಯ ಮಾತ್ರ, ಅಲ್ಲಿಯದ್ದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ ಬಾಯಮ್ಮ ಎಂದೆ.

“ಹೋಲಿಕೆ ಇಲ್ಲ,” ಎಂದರು. ಜಗಳದ ದನಿಯೇ ಅಲ್ಲ. “ಅಲ್ಲಿಯದ್ದು ದೊಡ್ಡದು, ಬಂದೂಕು ಹಿಡಿದುಕೊಂಡು ನಿಂತಿದ್ದಾರೆ. ಇದು ಸಣ್ಣದು, ಒಂದು ತಗಡು. ಸಣ್ಣದಾದರೆ ತೆಗೆಯಲಿಕ್ಕೆ ಸುಲಭ ಅಲ್ವಾ? ಆ ಹುಡುಗ ದ್ರಾಕ್ಷಿಗೆ ಪಾಸು ಇಲ್ಲ ಹೇಳಿದ. ಇಲ್ಲಿ ನನ್ನ ಹೂವಿಗೆ ಪಾಸು ಉಂಟು, ದೇವರ ಕೋಣೆಯವರೆಗೆ. ನನಗೆ ಇಲ್ಲ. ನಾನು ಯಾವತ್ತಾದರೂ ಕೇಳಿದ್ದುಂಟಾ? ಇಲ್ಲ. ಆದರೆ ಈ ಕಾಗದಕ್ಕೆ ಇಲ್ಲಿ ನಿಂತುಕೊಂಡು ಸಹಿ ಹಾಕಲಿಕ್ಕೆ ನನಗೆ ಕೈ ಬರುವುದಿಲ್ಲ. ನೀವು ಅದನ್ನು ತೆಗೆಯಿರಿ, ನಾನು ಹಾಕುತ್ತೇನೆ. ಜಾಗ ಬಿಟ್ಟು ಇಡಿ.”

ಬುಟ್ಟಿ ಎತ್ತಿಕೊಂಡು ಹೋದರು. ಹೋಗುವ ಮೊದಲು ಆ ದಿನದ ಹೂವನ್ನು ಅದೇ ತಂತಿಗೆ ಸಿಕ್ಕಿಸಲು ಮರೆಯಲಿಲ್ಲ.

ನಾನು ಜಾಗ ಬಿಟ್ಟೆ. ಮೂವತ್ತೊಂದನೆಯ ಸಾಲು. ಬೋರ್ಡು ತೆಗೆಯಲಿಲ್ಲ. ಇವತ್ತು ಅಮ್ಮನ ಹತ್ತಿರ ಮಾತಾಡುತ್ತೇನೆ, ನಾಳೆ ಮಾತಾಡುತ್ತೇನೆ ಎಂದು ದಿನ ಕಳೆಯಿತು. ಮಾತಾಡಿದರೆ ಅಮ್ಮ ಒಪ್ಪುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಕೇಳಲೇ ಇಲ್ಲವಲ್ಲ. ಅಮ್ಮನ ಸೆರಗಿನ ಹಿಂದೆ ಅಡಗಿದ ನಲವತ್ತೆರಡರ ಗಂಡಸು ನಾನು. ಮನವಿಗೆ ಹೊತ್ತಾಗುತ್ತದೆ ಎಂದು ಸಂಘದವರು ಅವಸರ ಮಾಡಿದರು. ಒಂದು ಪ್ರತಿ ಇಟ್ಟುಕೊಂಡು ಕಾಗದ ಕಳಿಸಿದೆ. ನಾಲ್ಕು ತಿಂಗಳ ಮೇಲೆ ದಪ್ಪ ಕಾಗದದಲ್ಲಿ ಒಂದು ಸಾಲಿನ ಉತ್ತರ ಬಂತು, ನಿಮ್ಮ ಪತ್ರ ತಲುಪಿದೆ ಎಂದು.

ಹುಡುಗನಿಗೆ ಕೋಣೆ ಸಿಕ್ಕಿತು. ಎಲ್ಲಿ ಎಂದು ಹೇಳಬೇಕಾಗಿಲ್ಲ. ಶಂಕರಪುರದಿಂದ ಮಣಿಪಾಲಕ್ಕೆ ಎರಡು ಬಸ್ಸು ಹಿಡಿದು ಒಂದೂವರೆ ವರ್ಷ ಓಡಾಡಿದ. ಬಾಯಮ್ಮನ ಮಕ್ಕಳಿಬ್ಬರೂ ಗಲ್ಫಿನಲ್ಲಿದ್ದರು, ಅವರ ಕೋಣೆ ಖಾಲಿ ಇತ್ತು. ಅವನ ಸುದ್ದಿಯನ್ನು ಬಾಯಮ್ಮ ನನಗೆ ಗೇಟಿನಲ್ಲಿ ಹೇಳುತ್ತಿದ್ದರು, ಏನೂ ನಡೆದೇ ಇಲ್ಲವೆಂಬಂತೆ. ಹೂ ಕಟ್ಟಲು ಕೂರುತ್ತಾನೆ, ಅವನು ಕಟ್ಟಿದ್ದು ಕಟ್ಟೆ ತಲುಪುವ ಮೊದಲೇ ಬಿಚ್ಚಿಹೋಗುತ್ತದೆ ಎಂದು ನಗುತ್ತಿದ್ದರು. ಮನೆಯಲ್ಲಿ ಹಂದಿ ಮಾಡುವುದು ಬಿಟ್ಟಿದ್ದೇನೆ ಎಂದರು ಒಮ್ಮೆ. ಕ್ರಿಸ್ಮಸ್ಸಿಗೆ ಬಂದ ಮಗ ಕೋಪ ಮಾಡಿಕೊಂಡನಂತೆ.

“ಒಂದು ವರ್ಷ ತಿನ್ನದಿದ್ದರೆ ಸಾಯುತ್ತೀಯಾ ಹೇಳಿದೆ. ಮನೆಗೆ ಬಂದವನಿಗೆ ನೀನು ಇದನ್ನು ತಿನ್ನಬೇಡ, ಅದನ್ನು ತಿನ್ನಬೇಡ ಹೇಳುವುದಕ್ಕಿಂತ ನಾವು ಬಿಡುವುದು ಸುಲಭ ಅಲ್ವಾ?”

ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಹಾಗಾಗಿಯೇ ಚುಚ್ಚಿತು.

ಆ ವರ್ಷದ ಗೋದಲಿಯ ಕಥೆಯನ್ನೂ ಹೇಳಿದರು. ಮಣ್ಣಿನ ಕುರುಬರು, ಕುರಿಗಳು, ಮೊಳಕೆ ಬರಿಸಿದ ಭತ್ತದ ಹುಲ್ಲು, ಎಲ್ಲ ಜೋಡಿಸಿ ಆದ ಮೇಲೆ ಆ ಹುಡುಗ ಹಿತ್ತಿಲಿನಿಂದ ಒಂದು ಹಂಚಿನ ತುಂಡು ತಂದು ದಾರಿಗೆ ಅಡ್ಡ ಇಟ್ಟನಂತೆ. ಎಂತಕ್ಕೆ ಎಂದರೆ, ಇಲ್ಲಿ ನಿಲ್ಲಿಸುತ್ತಾರೆ ಎಂದನಂತೆ. ಕುರುಬರು ಹಂಚಿನ ಈಚೆಯೇ ಉಳಿದರು. ನೋಡಲು ಬಂದವರೆಲ್ಲ ಕೇಳಿದರು. ಬಾಯಮ್ಮ ಆ ಹಂಚನ್ನು ತೆಗೆಯಲಿಲ್ಲ, ಜನವರಿಯ ಮೂರು ರಾಜರ ಹಬ್ಬದ ತನಕ ಹಾಗೆಯೇ ಇತ್ತು. ಅದಾದ ಸ್ವಲ್ಪ ದಿನದಲ್ಲಿ ಅವನ ಅಪ್ಪ ತೀರಿಕೊಂಡ ಫೋನು ಬಂತು. ಹೋದರೆ ತಿರುಗಿ ಹೊರಡಲು ಬಿಡುತ್ತಾರೋ ಇಲ್ಲವೋ ಎಂದು ಅವನು ಹೋಗಲಿಲ್ಲ. ಮೊಗ್ಗಿನ ರಾಶಿಯ ಎದುರು ಇಡೀ ದಿನ ಕೂತಿದ್ದನಂತೆ. ಬಾಯಮ್ಮ ಇಗರ್ಜಿಯಲ್ಲಿ ಆ ಅಪ್ಪನ ಹೆಸರಿಗೆ ಒಂದು ಪೂಜೆ ಕೊಡಿಸಿದರು. ಪಾದ್ರಿಗಳು ಹೆಸರು ಕೇಳಿದರು, ನಾನು ಹೇಳಿದೆ, ಅವರು ಬರೆದುಕೊಂಡರು ಎಂದರು.

ಒಂದು ಮಾತ್ರ ಬದಲಾಗಿತ್ತು. ಅದನ್ನು ಗಮನಿಸಿದ್ದು ಅಮ್ಮ.

“ಬಾಯಮ್ಮ ಈಗ ನೀರು ಕೇಳುವುದಿಲ್ಲ ಅಲ್ವಾ?” ಎಂದರು ಒಂದು ದಿನ. ಬುಟ್ಟಿಯಲ್ಲಿ ಅವರದೇ ಬಾಟ್ಲಿ ಇರುತ್ತಿತ್ತು. ಆ ಸಂಜೆ ಅಮ್ಮ ಗೂಡಿನಲ್ಲಿದ್ದ ಲೋಟವನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದುದನ್ನು ಕಂಡೆ. ತಿಕ್ಕಿ, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ತಿರುಗಿ ಅಲ್ಲಿಯೇ ಇಟ್ಟರು.

ಮುಂದಿನ ಬೇಸಿಗೆಯಲ್ಲಿ ನಮ್ಮ ಮೇಲಿನ ಕೋಣೆಗಳಿಗೆ ಸಸ್ಯಾಹಾರಿ ಸಂಸಾರವೊಂದು ಬಂತು. ಬೋರ್ಡು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಮರುದಿನ ಬಾಯಮ್ಮ ಹೂ ಸಿಕ್ಕಿಸಲು ಕೈ ಎತ್ತಿದವರು ತಂತಿ ಕಾಣದೆ ತಡೆದರು. ಅವರ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

“ತೆಗೆದಿರಾ?”

“ಬಾಡಿಗೆಗೆ ಜನ ಬಂದರು ಬಾಯಮ್ಮ.”

“ಓ... ಹಾಗಾ.”

ಹೂವನ್ನು ಗೇಟಿನ ಚಿಲಕಕ್ಕೆ ಸಿಕ್ಕಿಸಿ ಹೋದರು. ಆಮೇಲೆ ಸಹಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹುಡುಗ ಓದು ಮುಗಿಸಿ ಹೋದ. ಒಂದೆರಡು ಪತ್ರ ಬಾಯಮ್ಮನಿಗೆ ಬಂದವು, ಇಂಗ್ಲಿಷಿನವು; ಲಕೋಟೆ ಮನೆಯಲ್ಲೇ ಬಿಟ್ಟು ಹಾಳೆ ಮಾತ್ರ ತರುತ್ತಿದ್ದರು, ನಾನೇ ಓದಿ ಹೇಳಿದೆ, ಅದರಲ್ಲಿಯೂ ‘ಅಮ್ಮ’ ಎಂದೇ ಇತ್ತು. ಮದುವೆಯಾಯಿತು, ಅಜ್ಜನ ತೋಟದ ನಡುವೆ ಈಗ ಗೋಡೆ ಬಂದಿದೆ ಎಂದು ಬರೆದಿದ್ದ. ಮತ್ತೆ ಪತ್ರ ಬರಲಿಲ್ಲ. ಬಾಯಮ್ಮ ಹೋಗಿಬಿಟ್ಟದ್ದು ನನಗೆ ತಿಳಿದದ್ದು ಒಂದು ತಿಂಗಳ ಮೇಲೆ, ಹೂ ತರಲು ಬೇರೆಯವರು ಬಂದಾಗ. ಶಂಕರಪುರಕ್ಕೆ ಹೋಗಬೇಕೆಂದುಕೊಂಡೆ. ಯಾರ ಮನೆ ಎಂದು ಕೇಳುವುದು? ಹೆಸರು ಗೊತ್ತಿಲ್ಲದೆ ಹೂವಿನ ಬಾಯಮ್ಮ ಎಂದರೆ ಆ ಊರಿನಲ್ಲಿ ಮನೆಗೊಬ್ಬರು. ಶಂಕರಪುರದ ದಾರಿ ತಿರುಗುವ ಕಟಪಾಡಿಯ ತನಕ ಹೋಗಿ ವಾಪಸು ಬಂದೆ. ಅಮ್ಮನೂ ಮರುವರ್ಷ ಹೋದರು.

ಸಂಘದಲ್ಲಿ ಈಗ ನಾಲ್ಕು ಜನ ಇದ್ದೇವೆ. ನಾವು ಎರಡು ಸಭೆ ಜಗಳಾಡಿದ ಶಬ್ದ ಈಗ ದೊಡ್ಡ ದೊಡ್ಡ ಮಾನವ ಹಕ್ಕಿನ ಸಂಸ್ಥೆಗಳ ವರದಿಯಲ್ಲಿ ಬರುತ್ತದೆ. ಅಲ್ಲಿಯ ಸರಕಾರ ಅದು ಸುಳ್ಳು ಎನ್ನುತ್ತದೆ. ಪೇಪರಿನಲ್ಲಿ ಓದುತ್ತೇನೆ, ಮಡಚಿ ಇಡುತ್ತೇನೆ. ಸಾಕಾಗಿದೆ. ಸುದ್ದಿಯಿಂದಲ್ಲ, ನನ್ನಿಂದಲೇ.

ಇದನ್ನೆಲ್ಲ ತಗಡು ಹಿಡಿದುಕೊಂಡು ನೆನೆಯುತ್ತ ಅಂಗಳದಲ್ಲಿ ನಿಂತಿದ್ದೆ. ಬಣ್ಣ ಹೊಡೆಯಲು ಬಂದವನು ಬಾಗಲಕೋಟೆ ಕಡೆಯವನು, ಆ ಸಂಸಾರ ಬಿಟ್ಟುಹೋದ ಮೇಲೆ ಖಾಲಿ ಬಿದ್ದಿದ್ದ ಮೇಲಿನ ಕೋಣೆಗಳ ಬಿರುಕನ್ನು ಮೂರು ದಿನದಿಂದ ಮುಚ್ಚುತ್ತಿದ್ದ. ಇಳಿದು ಬಂದು ತಗಡಿನ ಕಡೆ ನೋಡಿದ.

“ಸರ, ಮ್ಯಾಲ ಬಾಡಿಗಿ ಕೊಡ್ತೀರೇನ್ರಿ? ಊರಿಂದ ಹೆಂಡ್ತಿ ಮಕ್ಕಳನ್ನ ಕರ್ಕೊಂಡ ಬರಬೇಕಂತ ಮಾಡೇನ್ರಿ. ಎಲ್ಲೆ ಕೇಳಿದ್ರೂ ಖಾಲಿ ಇಲ್ಲ ಅಂತಾರ.”

ಅಮ್ಮ ಇಲ್ಲ. ದೇವರ ಕೋಣೆಯಲ್ಲಿ ದೀಪ ಹಚ್ಚುವುದೂ ನನಗೆ ನೆನಪಾದರೆ ಉಂಟು, ಇಲ್ಲವಾದರೆ ಇಲ್ಲ. ಅಡಗಲು ಯಾರ ಸೆರಗೂ ಇಲ್ಲ. ಆದರೂ ನನ್ನ ಬಾಯಿ ತನ್ನಷ್ಟಕ್ಕೆ ತಾನು ಹೇಳಿತು:

“ಮೇಲೆ ರಿಪೇರಿ ಉಂಟಲ್ಲ ಮಾರಾಯ...”

ಅವನು ಕೈಯಲ್ಲಿದ್ದ ಕರಣೆಯನ್ನು ನೋಡಿಕೊಂಡ, ನನ್ನನ್ನು ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು, ನಕ್ಕ.

“ರಿಪೇರಿ ನಾನ ಮಾಡಾಕತ್ತೇನಲ್ರಿ ಸರ.”

ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಕಪಾಟು ತೆಗೆದೆ. ಹಳೆಯ ಕಡತದಲ್ಲಿ ಮನವಿಯ ಪ್ರತಿ ಇತ್ತು. ಮೂವತ್ತು ಹೆಸರು, ಅದರ ಕೆಳಗೆ ಖಾಲಿ ಸಾಲು. ಮೇಲಿನ ಕೋಣೆಯ ಬೀಗದ ಕೈ ತಂದು ಅವನ ಕೈಗೆ ಕೊಟ್ಟೆ. ಮಕ್ಕಳನ್ನು ಕರೆದುಕೊಂಡು ಬಾ ಎಂದೆ. ಏನು ತಿನ್ನುತ್ತೀರಿ ಎಂದು ಕೇಳಲಿಲ್ಲ. ಇದರಿಂದ ಎಲ್ಲಿಯ ಗೋಡೆಯೂ ಬೀಳುವುದಿಲ್ಲ, ಗೊತ್ತುಂಟು. ಅವನು ಖುಷಿಯಲ್ಲಿ ಮತ್ತೆ ಮೇಲೆ ಹತ್ತಿದ.

ತಗಡು ಹಿಡಿದುಕೊಂಡು ಗೇಟಿನವರೆಗೆ ಹೋದೆ. ತೆಗೆದೆ ಬಾಯಮ್ಮ, ಈ ಸಲ ನಿಜವಾಗಿ ತೆಗೆದೆ, ಬನ್ನಿ ಸಹಿ ಹಾಕಿ ಎಂದು ಹೇಳಬೇಕಾಗಿತ್ತು. ಚಿಲಕಕ್ಕೆ ಯಾರೋ ಆಗಲೇ ಹೂ ಸಿಕ್ಕಿಸಿ ಹೋಗಿದ್ದರು, ಪ್ಲಾಸ್ಟಿಕ್ ಚೀಲದಲ್ಲಿ. ಅವರ ಹೆಸರೂ ನನಗೆ ಗೊತ್ತಿರಲಿಲ್ಲ.